ಚಳಿಗಾಲಕ್ಕೆ ಮೊದಲು ಮನೆ, ಕೇರಿ, ಪಂಚಾಯ್ತಿ: ಶಿರಸಿ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಒಂದು ಡಿಸೆಂಬರಿನ ಬೆಳಿಗ್ಗೆ. ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೋಗಿದ್ದೆ. ಹತ್ತು ಮಾರು ಆಚೆ ನಿಂತವರ ಮುಖ ಕಾಣದಷ್ಟು ಕಾವಳ. ಸಾಲಿನಲ್ಲಿದ್ದ ಆಶಾ ಕಾರ್ಯಕರ್ತೆ ನನ್ನನ್ನು ನೋಡಿ, "ನಿಮ್ಮ ಬೆಟ್ಟದ ಅಂಚಿಗೆ ಮಂಗ ಸತ್ತು ಬಿದ್ದಿತ್ತಲ್ಲ, ಆ ಕಡೆ ಯಾರೂ ಹೋಗ್ತಾ ಇಲ್ಲ ಅಲ್ವಾ?" ಅಂದರು. ಕೇಳಿ ಎದೆ ಧಸಕ್ಕೆಂದಿತು. ಹಿಂದಿನ ದಿನವಷ್ಟೇ ನಮ್ಮ ಅತ್ತಿಗೆ ಮತ್ತು ಕೆಲಸದ ಇಬ್ಬರು ಅದೇ ಬೆಟ್ಟದಿಂದ ದರಕು (ಒಣಗಿ ಉದುರಿದ ಎಲೆ) ತಂದು ಕೊಟ್ಟಿಗೆಗೆ ಹಾಕಿದ್ದರು.

ಆ ಕಡೆ ಹೋಗಬೇಡಿ ಅಂತ ಪಂಚಾಯ್ತಿಯಲ್ಲಿ ನೋಟಿಸ್ ಹಚ್ಚಿ ವಾರದ ಮೇಲಾಗಿತ್ತು. ಆದರೆ ಪಂಚಾಯ್ತಿ ಇರುವುದು ನಮ್ಮ ಕೇರಿಯಿಂದ ಆರು ಕಿಲೋಮೀಟರ್ ಆಚೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಅಲ್ಲಿಗೆ ಯಾರು ಹೋಗುತ್ತಾರೆ? ವಾಟ್ಸಾಪಿಗೂ ಹಾಕಿದ್ದರಂತೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡ ಹತ್ತಿದರೆ ಮಾತ್ರ. ಸತ್ತ ಮಂಗದ ಮೈಯಿಂದ ಇಳಿದ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ, ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಬರುವುದಾದರೆ ಸಾಮಾನ್ಯವಾಗಿ ಉಣುಗು ಕಚ್ಚಿದ 3ರಿಂದ 8 ದಿನದೊಳಗೆ ಜ್ವರ ಕಾಣಿಸುತ್ತದೆ. ಎಂಟು ದಿನ ಮೂವರ ಹಣೆ ಮುಟ್ಟಿ ನೋಡುತ್ತಾ ಕಳೆದೆವು. ಏನೂ ಆಗಲಿಲ್ಲ. ಆದರೆ ಆ ಎಂಟು ದಿನ ನನಗಿನ್ನೂ ಮರೆತಿಲ್ಲ.

ನಮ್ಮಲ್ಲಿ ಮಳೆಗಾಲಕ್ಕೆ ಎಲ್ಲರೂ ತಯಾರಾಗುತ್ತಾರೆ. ಹಂಚು ಸರಿ ಮಾಡಿಸುತ್ತಾರೆ, ಕಟ್ಟಿಗೆ ಒಳಗಿಡುತ್ತಾರೆ. ಚಳಿಗಾಲಕ್ಕೆ ಮಾತ್ರ ಯಾರೂ ತಯಾರಾಗುವುದಿಲ್ಲ. ಹಿಮ ಬೀಳುವ ಊರಲ್ಲವಲ್ಲ, ಒಂದು ಕಂಬಳಿ ಜಾಸ್ತಿ ಹೊದ್ದರೆ ಆಯಿತು ಅನ್ನುವ ಭಾವನೆ. ಆದರೆ ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಂಗನ ಕಾಯಿಲೆ, ಬಚ್ಚಲಿನ ಗ್ಯಾಸ್, ಕಾವಳದ ರಸ್ತೆ, ಬೆಟ್ಟದ ಬೆಂಕಿ, ಅಡಿಕೆ ಕೊನೆ ಕೊಯ್ಲಿನ ಅಪಘಾತ ಎಲ್ಲವೂ ಬರುವುದು ನವೆಂಬರಿನಿಂದ ಈಚೆಗೇ. ಹಾಗಾಗಿ ದೀಪಾವಳಿ ಮುಗಿದ ಕೂಡಲೇ ಮಾಡಿಕೊಳ್ಳಬೇಕಾದ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ.

ಹಂತ 1: ಪಂಚಾಯ್ತಿಯ ಸುದ್ದಿ ನಿಮ್ಮ ಮನೆಗೆ ಹೇಗೆ ಬರುತ್ತದೆ, ನೋಡಿಕೊಳ್ಳಿ

ಇದು ಮೊದಲನೇ ಕೆಲಸ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಒಂದು ಹಾಳೆ ತೆಗೆದುಕೊಂಡು ಈ ಹೆಸರುಗಳನ್ನು ನಂಬರ್ ಸಮೇತ ಬರೆಯಿರಿ: ನಿಮ್ಮ ವಾರ್ಡಿನ ಪಂಚಾಯ್ತಿ ಸದಸ್ಯರು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ನೀರು ಬಿಡುವವರು, ಆಶಾ ಕಾರ್ಯಕರ್ತೆ, ಅರಣ್ಯ ಇಲಾಖೆಯ ಗಾರ್ಡ್, ಲೈನ್‌ಮನ್. ಇದರಲ್ಲಿ ಎರಡು ಮೂರು ನಂಬರ್ ಸಿಗದೇ ಇದ್ದರೆ ಅದೇ ನಿಮ್ಮ ಕೇರಿಯ ಮೊದಲ ಸಮಸ್ಯೆ ಅಂತ ತಿಳಿಯಿರಿ. ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಇವನ್ನೂ ಬರೆಯಿರಿ. ಯಾವುದೇ ತುರ್ತಿಗೆ 112. ಆಂಬುಲೆನ್ಸಿಗೆ 108. ಕರೆಂಟಿನ ತೊಂದರೆಗೆ 1912. ಗ್ಯಾಸ್ ಸೋರಿದರೆ 1906. ಕಾಡಿನ ಬೆಂಕಿಗೆ ಅರಣ್ಯ ಇಲಾಖೆಯ 1926. ಹಾಳೆಯನ್ನು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ. ಮೊಬೈಲಿನಲ್ಲಿ ಇದ್ದರೆ ಸಾಲದು. ಮನೆಯಲ್ಲಿ ಅಜ್ಜಿ ಒಬ್ಬರೇ ಇರುವ ಹೊತ್ತಿಗೆ ಅವರ ಕಣ್ಣಿಗೆ ಬೀಳಬೇಕು.

ಆಮೇಲೆ ಕೇರಿಯ ನಾಲ್ಕು ಜನ ಕೂತು ಮಾತಾಡಿ. ದಿನಾ ಎಲ್ಲ ಮನೆಯವರೂ ಬರುವ ಜಾಗ ಯಾವುದು? ನಮ್ಮಲ್ಲಿ ಅದು ಹಾಲಿನ ಡೈರಿ. ಕೆಲವು ಊರಲ್ಲಿ ಸೊಸೈಟಿ, ಕೆಲವು ಕಡೆ ಬಸ್ ನಿಲ್ಲುವ ಕಡೆಯ ಚಹಾ ಅಂಗಡಿ. ಪಂಚಾಯ್ತಿಯ ಚಳಿಗಾಲದ ಸೂಚನೆ ಏನೇ ಬಂದರೂ ಒಂದು ಪ್ರತಿ ಅಲ್ಲಿಗೂ ಬರಬೇಕು ಅಂತ ಪಿಡಿಒಗೆ ಬರೆದು ಕೊಡಿ. ಕಾಗದ ಗಾಳಿಗೆ ಹಾರುತ್ತದೆ, ಇಬ್ಬನಿಗೆ ನೆನೆಯುತ್ತದೆ. ನಾವು ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಕಪ್ಪು ಹಲಗೆಯೊಂದನ್ನು ಕೇಳಿ ತಂದು ಡೈರಿಯ ಗೋಡೆಗೆ ಹೊಡೆದೆವು. ಚಾಕ್‌ಪೀಸ್ ದಾರಕ್ಕೆ ಕಟ್ಟಿ ಇಟ್ಟಿದ್ದೇವೆ.

ಪಂಚಾಯ್ತಿಯ ಸಭೆ ಯಾವಾಗ, ಏನು ತೀರ್ಮಾನವಾಯಿತು ಅನ್ನುವುದನ್ನು ಸರ್ಕಾರದ ಪಂಚಮಿತ್ರ ಪೋರ್ಟಲಿನಲ್ಲೂ ನೋಡಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ವಹಿಸಿ. ಶಿರಸಿ, ಕಾರವಾರದ ಪೇಟೆಯವರಿಗೆ ಪಂಚಾಯ್ತಿ ಬದಲು ನಗರಸಭೆ, ಅಷ್ಟೇ ವ್ಯತ್ಯಾಸ. ವಾರ್ಡ್ ಸದಸ್ಯರ ನಂಬರ್ ಹಾಳೆಯಲ್ಲಿ ಇರಲೇಬೇಕು.

ಹಂತ 2: ವಾರ್ಡ್ ಸಭೆಯಲ್ಲಿ ಚಳಿಗಾಲದ ವಿಷಯ ಎತ್ತಿ

ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆಯೂ ಗ್ರಾಮ ಸಭೆಯೂ ಆರು ತಿಂಗಳಿಗೆ ಒಮ್ಮೆಯಾದರೂ ಆಗಬೇಕು. ವಾರ್ಡ್ ಸಭೆಗೆ ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು, ಇಲ್ಲವೇ 20 ಜನ, ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಸಾಕು. ಇಪ್ಪತ್ತು ಜನ ಅಂದರೆ ಒಂದು ಸತ್ಯನಾರಾಯಣ ಪೂಜೆಗೆ ಸೇರುವಷ್ಟೂ ಅಲ್ಲ. ಆದರೂ ಎಷ್ಟೋ ಕಡೆ ಸಭೆ ಮುಂದೂಡುತ್ತಾರೆ. ದಯವಿಟ್ಟು ಹೋಗಿ. ಹೆಂಗಸರು ತಪ್ಪದೇ ಹೋಗಿ. ಬಚ್ಚಲು, ದರಕು, ಕೊಟ್ಟಿಗೆ ಇವುಗಳ ಅಪಾಯ ಚೆನ್ನಾಗಿ ಗೊತ್ತಿರುವುದು ಅವರಿಗೆ.

ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ಅದು ಅಲ್ಲಿಗೇ ಮುಗಿಯುತ್ತದೆ. ಅರ್ಜಿ ಬರೆಯಿರಿ, ಎರಡು ಪ್ರತಿ. ಒಂದಕ್ಕೆ ಸೀಲು, ತಾರೀಕು, ಸಹಿ ಹಾಕಿಸಿ ಮನೆಗೆ ತನ್ನಿ. ಅರ್ಜಿಯಲ್ಲಿ "ರಸ್ತೆ ಸುರಕ್ಷತೆ ಬೇಕು" ಅಂತ ಬರೆಯಬೇಡಿ. "ಶಾಲೆಯ ಪಕ್ಕದ ತಿರುವಿನಲ್ಲಿ, ಮೋರಿಯ ಎರಡೂ ಬದಿಗೆ, ಬೆಳಕಿಗೆ ಹೊಳೆಯುವ ಪಟ್ಟಿ ಹಚ್ಚಿದ ಕಂಬ ಬೇಕು" ಅಂತ ಬರೆಯಿರಿ. ಯಾವ ಕಂಬದ ಬೀದಿದೀಪ ಕೆಟ್ಟಿದೆ, ಕಂಬದ ನಂಬರ್ ಸಮೇತ ಬರೆಯಿರಿ. ಕೆಲಸ ಸಣ್ಣದು, ಜಾಗ ಖಚಿತ ಅಂತಾದರೆ ಇಲ್ಲ ಅನ್ನುವುದು ಕಷ್ಟ.

ನಾವು ಕೇಳಿದ್ದು ನಾಲ್ಕೇ ವಿಷಯ. ಬೀದಿದೀಪ, ಮೋರಿಯ ಗುರುತು, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ನವೆಂಬರಿನಲ್ಲೇ ಕೇರಿಗೆ ಬರಬೇಕು ಅನ್ನುವುದು, ಬೆಟ್ಟದ ಅಂಚಿಗೆ ಬೆಂಕಿ ದಾಟದಂತೆ ಎಲೆ ತೆಗೆದ ಬೆಂಕಿ ಗೆರೆ. ಕೊನೆಯ ಎರಡು ಪಂಚಾಯ್ತಿಯದೇ ಕೆಲಸವಲ್ಲ, ಆರೋಗ್ಯ ಇಲಾಖೆ ಮತ್ತು ಅರಣ್ಯ ಇಲಾಖೆಗೆ ಸೇರಿದ್ದು. ಆದರೆ ಗ್ರಾಮ ಸಭೆಗೆ ಆ ಇಲಾಖೆಯವರೂ ಬರುತ್ತಾರೆ. ಎದುರಿಗೇ ಕೇಳಿ.

ಹಂತ 3: ಮಂಗನ ಕಾಯಿಲೆಗೆ ತಯಾರಿ

ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರಕ್ಕೆ ತಾಗಿಕೊಂಡೇ ಇರುವ ತಾಲೂಕು ಅದು. 2024ರ ಶುರುವಿನಲ್ಲಿ ಸಿದ್ದಾಪುರ ತಾಲೂಕಿನಲ್ಲೂ ಕಾಯಿಲೆ ಕಾಣಿಸಿಕೊಂಡು ಜೀವಹಾನಿಯಾಯಿತು. ಹಾಗಾಗಿ ಇದು ಪಕ್ಕದ ಜಿಲ್ಲೆಯ ಸುದ್ದಿ ಅಲ್ಲ.

ಹರಡುವುದು ಉಣುಗಿನಿಂದ. ಮಳೆ ಮುಗಿದ ಮೇಲೆ ಮರಿ ಉಣುಗುಗಳು ನೆಲದ ಎಲೆಗಳ ನಡುವೆ ಜಾಸ್ತಿಯಾಗುತ್ತವೆ. ಎಳ್ಳಿನ ಕಾಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಸೋಂಕಿರುವ ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಕೆಳಗೆ ಇಳಿದು ಸುತ್ತಲಿನ ನೆಲದಲ್ಲಿ ಹರಡುತ್ತವೆ. ಅದಕ್ಕೇ ಸತ್ತ ಮಂಗದ ಸುದ್ದಿ ಅಷ್ಟು ಮುಖ್ಯ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಹರಡುವುದಿಲ್ಲ. ಕಾಯಿಲೆ ಬಂದವರ ಮನೆಯವರನ್ನು ದೂರ ಇಡುವ ಕೆಲಸ ಯಾರೂ ಮಾಡಬೇಡಿ.

ಬೆಟ್ಟಕ್ಕೆ ಹೋಗುವ ಮೊದಲು: ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ, ಗಂಬೂಟು ಇದ್ದರೆ ಇನ್ನೂ ಒಳ್ಳೇದು. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಗೆ, ಕಾಲಿಗೆ, ಕುತ್ತಿಗೆಗೆ ಹಚ್ಚಿ. ಹಿಂದೆ ಬರುತ್ತಿದ್ದದ್ದು ಡಿಎಂಪಿ ಎಣ್ಣೆ. ಹಳಬರು ಈಗಲೂ ಅದೇ ಹೆಸರಿನಲ್ಲಿ ಕೇಳುತ್ತಾರೆ, ಗೊಂದಲ ಬೇಡ. ಕಣ್ಣಿಗೆ, ಬಾಯಿಗೆ ತಾಗಿಸಬೇಡಿ. ಬಾಟಲಿಯ ಮೇಲೆ ಬರೆದದ್ದನ್ನು ಓದಿ. ಬೆವರಿಗೆ ತೊಳೆದುಹೋಗುತ್ತದೆ, ಹಾಗಾಗಿ ಇಡೀ ದಿನಕ್ಕೆ ಒಂದೇ ಸಲ ಹಚ್ಚಿದರೆ ಸಾಲದು.

ಬಂದ ಮೇಲೆ: ಒಳಗೆ ಬರುವ ಮೊದಲೇ ಬಟ್ಟೆ ಬದಲಿಸಿ. ಆ ಬಟ್ಟೆಯನ್ನು ಬಿಸಿ ನೀರು, ಸೋಪು ಹಾಕಿ ನೆನೆಸಿ. ಬಿಸಿನೀರಿನ ಸ್ನಾನ ಮಾಡಿ. ಕಂಕುಳು, ಸೊಂಟ, ಮೊಣಕಾಲಿನ ಹಿಂದೆ, ಕಿವಿಯ ಸಂದಿ ಎಲ್ಲ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೆಟ್ಟಗೆ ಎಳೆಯಿರಿ. ಉಗುರಲ್ಲಿ ಕುಟ್ಟಬೇಡಿ, ಬೀಡಿ ತಾಗಿಸಿ ಸುಡಬೇಡಿ. ಇವೆರಡೂ ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು.

ಮಂಗ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಹೂಳಲಿಕ್ಕೂ ಹೋಗಬೇಡಿ, ನಾಯಿಯನ್ನು ಹತ್ತಿರ ಬಿಡಬೇಡಿ. ದೂರದಲ್ಲೇ ಒಂದು ಗುರುತು ಮಾಡಿ, ತಕ್ಷಣ ಪ್ರಾಥಮಿಕ ಆರೋಗ್ಯ ಕೇಂದ್ರ, ಪಂಚಾಯ್ತಿ ಅಥವಾ ಫಾರೆಸ್ಟ್ ಗಾರ್ಡ್‌ಗೆ ಹೇಳಿ. ಅವರು ಬಂದು ಸುತ್ತ 50 ಅಡಿಯಷ್ಟು ಜಾಗಕ್ಕೆ ಔಷಧಿ ಹೊಡೆಯುತ್ತಾರೆ. ಆ ಕಡೆಯ ದರಕು ಆ ವರ್ಷ ಕೊಟ್ಟಿಗೆಗೆ ಬೇಡವೇ ಬೇಡ. ಕಾಡಿಗೆ ಮೇಯಲು ಹೋಗುವ ದನಗಳ ಮೈಯಲ್ಲೂ ಉಣುಗು ಮನೆಗೆ ಬರುತ್ತದೆ. ಪಶು ಆಸ್ಪತ್ರೆಯಲ್ಲಿ ಔಷಧಿ ಕೇಳಿ ಹಾಕಿಸಿ.

ಈ ದಿನಗಳಲ್ಲಿ ಬಂದ ಜ್ವರವನ್ನು ಚಳಿ ಜ್ವರ ಅಂತ ಕಷಾಯ ಕುಡಿದು ಮಲಗಬೇಡಿ. ಒಮ್ಮೆಲೇ ಜೋರು ಜ್ವರ, ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ಸಹಿಸಲಾಗದ ನೋವು, ಕೆಂಪಗಾದ ಕಣ್ಣು, ಕೆಲವರಿಗೆ ಮೂಗು ಅಥವಾ ವಸಡಿನಲ್ಲಿ ರಕ್ತ. ಇಂಥದ್ದು ಕಂಡರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, "ಕಾಡಿಗೆ ಹೋಗಿದ್ದೆ" ಅಂತ ಡಾಕ್ಟರಿಗೆ ನೀವಾಗೇ ಹೇಳಿ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಥರದವು ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಈ ಕಾಯಿಲೆಗೆ ಅಂತಲೇ ಬೇರೆ ಔಷಧಿ ಇಲ್ಲ. ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವವಾಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ನೂರು ಜನರಿಗೆ ಬಂದರೆ ಮೂರರಿಂದ ಐದು ಜನ ತೀರಿಕೊಳ್ಳುವ ಕಾಯಿಲೆ ಇದು, ಬೇಗ ಹೋದಷ್ಟೂ ಒಳ್ಳೇದು. ಇನ್ನೊಂದು ಮಾತು: ಜ್ವರ ಬಿಟ್ಟಿತು ಅಂತ ತೋಟಕ್ಕೆ ಓಡಬೇಡಿ. ಕೆಲವರಿಗೆ ಒಂದೆರಡು ವಾರ ಬಿಟ್ಟು ಎರಡನೇ ಸಲ ಜ್ವರ ತಿರುಗಿ ಬರುತ್ತದೆ, ಆಗ ತಲೆಸುತ್ತು, ಕೈಕಾಲು ನಡುಕ, ಮಂಕು ಎಲ್ಲ ಸೇರಿಕೊಳ್ಳಬಹುದು.

ಹಂತ 4: ಬಚ್ಚಲುಮನೆ

ನಮ್ಮ ಹಳೇ ಬಚ್ಚಲಿನಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ. ಹೊಗೆಗೆ ಗೋಡೆಯೆಲ್ಲ ಕಪ್ಪು. ಆದರೆ ಮೇಲೆ ಹಂಚಿನ ಸಂದಿ ಇತ್ತು, ಬಾಗಿಲ ಕೆಳಗೆ ನಾಲ್ಕು ಬೆರಳು ಜಾಗ ಇತ್ತು. ಹೊಗೆ ಹೇಗೋ ಹೊರಗೆ ಹೋಗುತ್ತಿತ್ತು. ಈಗ ಕಟ್ಟಿಸುವ ಬಾತ್‌ರೂಮಿಗೆ ನೆಲದಿಂದ ಮೇಲಿನವರೆಗೆ ಟೈಲ್ಸ್, ಮೇಲೆ ಸ್ಲ್ಯಾಬ್, ಅಂಗೈ ಅಗಲದ ಗಾಜಿನ ಕಿಟಕಿ. ಅದರೊಳಗೇ ಗ್ಯಾಸ್ ಗೀಸರ್. ಚಳಿ ಅಂತ ಆ ಕಿಟಕಿಯನ್ನೂ ಮುಚ್ಚುತ್ತೇವೆ.

ಗಾಳಿ ಸಾಲದೇ ಗ್ಯಾಸ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ. ತಲೆ ಭಾರ, ವಾಕರಿಕೆ, ಕಾಲು ಸೋತಂತೆ ಆಗುವುದು, ಆಮೇಲೆ ಎಚ್ಚರ ತಪ್ಪುವುದು. ನಮ್ಮ ನೆಂಟರ ಮನೆಯ ಹುಡುಗಿಯೊಬ್ಬಳು ಬಚ್ಚಲಿನಲ್ಲಿ ಕುಸಿದು ಬಿದ್ದಳು. ಚೊಂಬು ಉರುಳಿದ ಸದ್ದು ಅವಳ ಅಮ್ಮನಿಗೆ ಕೇಳಿದ್ದರಿಂದ ಉಳಿದಳು. ಕರೆದರೆ ಉತ್ತರ ಇಲ್ಲ. ಒಳಗಿನ ಚಿಲಕ ಸಣ್ಣದಿತ್ತು, ಒದ್ದ ಕೂಡಲೇ ಕಿತ್ತುಬಂತು.

ಗೀಸರನ್ನು ಸಿಲಿಂಡರ್ ಸಮೇತ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅದು ಈಗಲೇ ಆಗದಿದ್ದರೆ ಮೊದಲು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಾಗಿಲು ತೆರೆದಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಹೋಗಬೇಡಿ. ಉರಿ ನೀಲಿ ಇರಬೇಕು. ಹಳದಿಯಾದರೆ ಸರ್ವಿಸ್ ಮಾಡಿಸುವ ತನಕ ಬಳಸಬೇಡಿ. ಮಕ್ಕಳಿಗೆ ಒಳಗಿನ ಚಿಲಕ ಹಾಕಬೇಡ ಅಂತ ಹೇಳಿಕೊಡಿ. ಯಾರಾದರೂ ಬಿದ್ದಿದ್ದರೆ ಬಾಗಿಲು ತೆರೆದು ಅವರನ್ನು ಅಂಗಳಕ್ಕೆ ಎಳೆದು ತನ್ನಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಫೋನ್ ಮಾಡಿ.

ಇದೇ ಮಾತು ಕೆಂಡಕ್ಕೂ ಸೇರುತ್ತದೆ. ಬಾಣಂತಿ ಕೋಣೆಯಲ್ಲಿ, ಅಜ್ಜನ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಮುಚ್ಚುವ ರೂಢಿ ಇದೆ. ಕಾಸಿಕೊಳ್ಳಿ, ಆದರೆ ಮಲಗುವ ಮೊದಲು ಕೆಂಡ ಹೊರಗೆ ಹೋಗಲಿ. ನೀರು ಕಾಯಿಸುವ ಕರೆಂಟ್ ಕಾಯಿಲ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಬೆರಳು ಹಾಕಿ.

ಹಂತ 5: ಅಡಿಕೆ ಕೊಯ್ಲಿನ ಮನೆಗಳಿಗೆ

ಇಬ್ಬನಿ ಬಿದ್ದ ಬೆಳಿಗ್ಗೆ ಮರ ಜಾರುತ್ತದೆ. ಬಿಸಿಲು ಬಂದು ಮರ ಒಣಗುವ ತನಕ ಕೊನೆ ಕೊಯ್ಯುವ ಕೊನೆಗೌಡರನ್ನು ಮರ ಹತ್ತಿಸಬೇಡಿ. ದಿನಕ್ಕೆ ಹತ್ತು ಕೊನೆ ಕಡಿಮೆ ಇಳಿದರೂ ಪರವಾಗಿಲ್ಲ. ಈಗ ಎಲ್ಲ ಕಡೆ ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದ ಕೋಲು, ದೋಟಿ, ಬಂದಿದೆ, ಮರ ಹತ್ತುವ ಅಪಾಯ ಕಡಿಮೆಯಾಗಿದೆ. ಆದರೆ ಹೊಸದೊಂದು ಅಪಾಯ ಬಂದಿದೆ. ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ ಅನ್ನುವುದು ತುಂಬ ಜನರಿಗೆ ಗೊತ್ತಿಲ್ಲ. ನೋಡಲು ಪ್ಲಾಸ್ಟಿಕ್ಕಿನ ಹಾಗೆ ಹಗುರ ಇದೆ ಅಂತ ನಂಬಬೇಡಿ. ತೋಟದ ಮೇಲೆ ಹಾದುಹೋಗುವ ತಂತಿ ಎಲ್ಲಿದೆ ಅಂತ ಕೊಯ್ಲಿಗೆ ಮೊದಲೇ ನಡೆದು ನೋಡಿ, ಆ ಸಾಲಿನ ಮರಗಳಿಗೆ ಬಣ್ಣದ ಬಟ್ಟೆ ಕಟ್ಟಿ. ಆ ಮರಗಳ ಕೊನೆ ಇಳಿಸುವ ದಿನ ಕರೆಂಟ್ ಕಂಪನಿ ಹೆಸ್ಕಾಂನ ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಬಂದ್ ಮಾಡಿಸಿ. ಬಂದ್ ಆಗಿದೆ ಅಂತ ಲೈನ್‌ಮನ್ ಹೇಳಿದ ಮೇಲೆಯೇ ದೋಟಿ ಎತ್ತಿ.

ರಾತ್ರಿ ಸುಲಿಯುವ ಚಪ್ಪರಕ್ಕೆ ಎಳೆದ ವೈರಿನ ಜೋಡಣೆ ಇಬ್ಬನಿಗೆ ನೆನೆಯದಂತೆ ನೋಡಿಕೊಳ್ಳಿ. ಸಣ್ಣ ಕೆಲಸ, ಮರೆಯುವುದೂ ಅದೇ.

ಹಂತ 6: ಕಾವಳದ ರಸ್ತೆ, ಬೆಟ್ಟದ ಬೆಂಕಿ

ಕುಮಟಾ ಕಡೆಗೆ ದೇವಿಮನೆ ಘಟ್ಟ, ಅಂಕೋಲಾ ಕಡೆಗೆ ಅರಬೈಲ್ ಘಟ್ಟ. ಬೆಳಗಿನ ಜಾವ ಇಳಿಯುವವರು ಸಾಧ್ಯವಾದರೆ ಬಿಸಿಲು ಬಂದ ಮೇಲೆ ಹೊರಡಿ. ಹೋಗಲೇಬೇಕಾದರೆ ಹೆಡ್‌ಲೈಟ್ ಡಿಮ್ ಇರಲಿ. ಬ್ರೈಟ್ ಹಾಕಿದರೆ ಬೆಳಕು ಕಾವಳಕ್ಕೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ತಿರುವಿನಲ್ಲಿ ಹಾರನ್ ಹೊಡೆಯಿರಿ, ಓವರ್‌ಟೇಕ್ ಬೇಡ. ಗಾಡಿ ಕೆಟ್ಟರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಡೈರಿಗೆ, ಶಾಲೆಗೆ ನಡೆದು ಹೋಗುವವರಿಗೆ ಒಂದು ಬಿಳಿ ಟವಲ್ ಹೆಗಲ ಮೇಲಿದ್ದರೂ ಸಾಕು, ದೂರದಿಂದ ಕಾಣುತ್ತದೆ.

ಜನವರಿ ದಾಟಿದ ಮೇಲೆ ಎಲೆ ಉದುರಿ ಬೆಟ್ಟ ಒಣಗುತ್ತದೆ. ತೋಟದ ಅಂಚಿನಲ್ಲಿ ಕಸ ಸುಡುವುದಾದರೆ ಗಾಳಿ ಇಲ್ಲದ ಹೊತ್ತಿನಲ್ಲಿ, ಎರಡು ಕೊಡ ನೀರು ಮತ್ತು ಹಸಿ ಸೊಪ್ಪಿನ ಬರಲು ಪಕ್ಕದಲ್ಲಿಟ್ಟುಕೊಂಡು ಸುಡಿ. ಬೂದಿ ತಣ್ಣಗಾಗುವ ತನಕ ಅಲ್ಲೇ ಇರಿ. ಬೆಟ್ಟಕ್ಕೂ ತೋಟಕ್ಕೂ ನಡುವೆ ನಾಲ್ಕೈದು ಅಡಿ ಅಗಲದ ಜಾಗ ಕೆರೆದು ಎಲೆ ತೆಗೆದಿಡಿ. ಗ್ರಾಮ ಅರಣ್ಯ ಸಮಿತಿ ಇರುವ ಊರಲ್ಲಿ ಎಲ್ಲರೂ ಸೇರಿ ಒಂದೇ ದಿನ ಈ ಕೆಲಸ ಮುಗಿಸಬಹುದು.

ಹಂತ 7: ಒಬ್ಬರೇ ಇರುವ ಹಿರಿಯರು

ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರು ಮುದುಕರು. ಈಗ ಹಳ್ಳಿ ಹಳ್ಳಿಯಲ್ಲೂ ಇದೇ ಕತೆ, ಅಲ್ವಾ? ಚಳಿಗೆ ಬಿಪಿ ಏರುತ್ತದೆ, ದಮ್ಮು ಜಾಸ್ತಿಯಾಗುತ್ತದೆ. ಬಿಪಿ ಮಾತ್ರೆ, ದಮ್ಮಿನ ಪಂಪು ಮುಗಿಯುವ ವಾರ ಮೊದಲೇ ತರಿಸಿಡಿ. ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸುವ ಅಭ್ಯಾಸ ಇದ್ದವರು ಈ ಎರಡು ತಿಂಗಳು ಬಿಸಿಲು ಮೂಡುವ ತನಕ ಕಾಯಲಿ. ಹಿಮ್ಮಡಿ ಒಡೆದವರಿಗೆ ನಮ್ಮ ಮುರುಗಲ ತುಪ್ಪವೇ ಸಾಕು, ಸ್ವಲ್ಪ ಬಿಸಿ ಮಾಡಿ ರಾತ್ರಿ ಹಚ್ಚಿ. ಸಕ್ಕರೆ ಕಾಯಿಲೆ ಇದ್ದವರ ಕಾಲಿನ ಬಿರುಕು ಮಾತ್ರ ಡಾಕ್ಟರಿಗೆ ತೋರಿಸಬೇಕು.

ಕೇರಿಯಲ್ಲಿ ಇಂಥ ಮನೆಗಳನ್ನು ಹಂಚಿಕೊಳ್ಳಿ. ನಮ್ಮಲ್ಲಿ ಡೈರಿಗೆ ಹೋಗುವವರು ದಾರಿಯಲ್ಲಿ ಆ ಮನೆಯ ಬಾಗಿಲು ತೆರೆದಿದೆಯಾ ಅಂತ ನೋಡಿಕೊಂಡು ಹೋಗುತ್ತಾರೆ. ಏಳೂವರೆಯಾದರೂ ತೆರೆಯದಿದ್ದರೆ ಒಳಗೆ ಹೋಗಿ "ರಾಯ್ರೇ, ಎದ್ರಾ?" ಅಂತ ಕರೆಯುತ್ತಾರೆ.

ಹಂತ 8: ಫೆಬ್ರವರಿಯಲ್ಲಿ ಒಮ್ಮೆ ತಿರುಗಿ ನೋಡಿ

ಸೀಲು ಹಾಕಿಸಿದ ಅರ್ಜಿ ತೆಗೆದು ನೋಡಿ. ಏನಾಯಿತು, ಏನಾಗಲಿಲ್ಲ? ಆಗದ್ದನ್ನು ಮುಂದಿನ ಸಭೆಗೆ ಮತ್ತೆ ಒಯ್ಯಿರಿ. ನಮ್ಮ ನಾಲ್ಕರಲ್ಲಿ ಬೀದಿದೀಪ ಆಯಿತು, ಎಣ್ಣೆ ಸಮಯಕ್ಕೆ ಬಂತು. ಮೋರಿಯ ಗುರುತು ಇನ್ನೂ ಆಗಿಲ್ಲ, ಸದ್ಯಕ್ಕೆ ನಾವೇ ಎರಡು ಕಲ್ಲಿಗೆ ಸುಣ್ಣ ಬಳಿದಿದ್ದೇವೆ. ಉಣುಗಿನ ಕಾಟ ಮೇ ತಿಂಗಳ ತನಕ ಇರುತ್ತದೆ. ಚಳಿ ಹೋಯಿತು ಅಂತ ಎಣ್ಣೆ ಬಾಟಲಿ ಒಳಗಿಡಬೇಡಿ.

ಡೈರಿಯ ಹಲಗೆ ಬರೆಯುವ ಪಾಳಿ ಈಗ ವಾರಕ್ಕೆ ಒಂದು ಮನೆಯದು. ಸುದ್ದಿ ಏನೂ ಇಲ್ಲದ ದಿನವೂ ತಾರೀಕು ಹಾಕಿ "ಇಂದು ಸೂಚನೆ ಇಲ್ಲ" ಅಂತ ಬರೆಯಬೇಕು ಅಂತ ಮಾಡಿಕೊಂಡಿದ್ದೇವೆ. ಹಲಗೆಯಲ್ಲಿ ನಿನ್ನೆಯ ತಾರೀಕೇ ಇದ್ದರೆ ಹಾಲು ಅಳೆಯುವವರು ಮೊದಲು ಅದನ್ನೇ ಕೇಳುತ್ತಾರೆ.